ನಗರಗಳಿಗೆ ವಲಸೆ ಬರುವ ಕುಟುಂಬಗಳು: ಮಕ್ಕಳ ಶಾಲಾ ಪ್ರವೇಶ ಹಾಗೂ ಸಾರ್ವಜನಿಕ ಸೇವೆಗಳ ಬಗ್ಗೆ ಮಾಹಿತಿ

ಪೀಠಿಕೆ

ಕಲಬುರಗಿ, ಯಾದಗಿರಿ, ರಾಯಚೂರು ಮುಂತಾದ ಜಿಲ್ಲೆಗಳಿಂದ ಹಾಗೂ ಆಂಧ್ರಪ್ರದೇಶ, ತಮಿಳುನಾಡು, ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ ಮೊದಲಾದ ರಾಜ್ಯಗಳಿಂದ ಅನೇಕ ಕುಟುಂಬಗಳು ಕೆಲಸವನ್ನು ಅರಸಿ ಬೆಂಗಳೂರು ಮತ್ತು ಇತರೆ ನಗರಗಳಿಗೆ ಬರುತ್ತವೆ. ಮಳೆಯಾಶ್ರಿತ ಪ್ರದೇಶದ ಕುಟುಂಬಗಳು ಸಾಮಾನ್ಯವಾಗಿ ಮುಂಗಾರು ಬೆಳೆಯ ಕೊಯ್ಲಿನ ನಂತರ ಊರು ಬಿಟ್ಟು, ಮುಂದಿನ ಬಿತ್ತನೆಯ ವೇಳೆಗೆ ಹಿಂತಿರುಗುತ್ತವೆ. ಈ ಅವಧಿಯು ಶೈಕ್ಷಣಿಕ ವರ್ಷದ ಮಧ್ಯಭಾಗದಲ್ಲಿ ಬರುವುದರಿಂದ, ಮಗುವಿನ ಹೆಸರು ಊರಿನ ಶಾಲೆಯಲ್ಲಿ ಗೈರುಹಾಜರಿ ಪಟ್ಟಿಗೆ ಸೇರಿ, ನಗರದ ಯಾವ ಶಾಲೆಯಲ್ಲಿಯೂ ದಾಖಲಾಗದೆ ಉಳಿಯುವ ಸಂಭವವಿರುತ್ತದೆ. ಹೀಗೆ ಒಮ್ಮೆ ತಪ್ಪಿದ ಶಾಲೆಯು ಅನೇಕ ಮಕ್ಕಳಿಗೆ ಶಾಶ್ವತವಾಗಿ ತಪ್ಪಿಹೋಗುತ್ತದೆ.

ದಾಖಲೆಗಳ ಕೊರತೆ ಇದೆಯೆಂಬ ಕಾರಣದಿಂದಲೇ ಹಲವು ಪೋಷಕರು ಶಾಲೆಗೆ ಹೋಗಿ ವಿಚಾರಿಸುವುದಿಲ್ಲ. ಆದರೆ ದಾಖಲೆಯಿಲ್ಲದಿರುವುದು ಪ್ರವೇಶ ನಿರಾಕರಣೆಗೆ ಕಾರಣವಾಗತಕ್ಕದ್ದಲ್ಲ ಎಂಬುದನ್ನು ಪೋಷಕರು ತಿಳಿದಿರುವುದು ಅವಶ್ಯಕ.

1. ಶಾಲಾ ಪ್ರವೇಶ

ದಿನಾಂಕ 1-4-2010ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನ್ವಯ 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಪ್ರಾಥಮಿಕ ಶಿಕ್ಷಣ ಪಡೆಯುವ ಹಕ್ಕಿದೆ. ವಲಸೆ ಕುಟುಂಬಗಳ ಮಕ್ಕಳ ಪ್ರವೇಶವನ್ನು ಖಚಿತಪಡಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಕಾಯ್ದೆಯ 9ನೇ ಪ್ರಕರಣವು ಹೇಳುತ್ತದೆ. ಪೋಷಕರು ಗಮನಿಸಬೇಕಾದ ಅಂಶಗಳು ಈ ಕೆಳಕಂಡಂತಿವೆ:

(ಅ) ವರ್ಗಾವಣೆ ಪ್ರಮಾಣಪತ್ರ (ಟಿ.ಸಿ.): ಇದನ್ನು ತರುವುದು ತಡವಾದರೆ, ಆ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ (ಪ್ರಕರಣ 5). ಕೋರಿದ ಕೂಡಲೇ ಟಿ.ಸಿ. ನೀಡುವುದು ಹಿಂದಿನ ಶಾಲೆಯ ಮುಖ್ಯ ಶಿಕ್ಷಕರ ಹೊಣೆ.

(ಆ) ವಯಸ್ಸಿನ ದಾಖಲೆ: ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವುದೇ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ (ಪ್ರಕರಣ 14). ಜನನ ಪ್ರಮಾಣಪತ್ರ ಇಲ್ಲದಿದ್ದಲ್ಲಿ ಆಸ್ಪತ್ರೆಯ ದಾಖಲೆ, ಅಂಗನವಾಡಿಯ ದಾಖಲೆ ಅಥವಾ ಪೋಷಕರ ಘೋಷಣೆಯನ್ನು ಸಲ್ಲಿಸಬಹುದು.

(ಇ) ಪ್ರವೇಶದ ಅವಧಿ: ನಿಗದಿತ ಅವಧಿ ಮುಗಿದ ನಂತರ, ವರ್ಷದ ಮಧ್ಯದಲ್ಲಿ ಬಂದ ಮಗುವನ್ನೂ ದಾಖಲಿಸಿಕೊಳ್ಳತಕ್ಕದ್ದು (ಪ್ರಕರಣ 15).

(ಈ) ಶಾಲೆ ಬಿಟ್ಟ ಮಗು: ಶಾಲೆಗೆ ಸೇರದ ಅಥವಾ ಮಧ್ಯದಲ್ಲಿ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕು. ಅಂತಹ ಮಗುವು 14 ವರ್ಷ ಮೀರಿದರೂ ಪ್ರಾಥಮಿಕ ಶಿಕ್ಷಣ ಪೂರೈಸುವವರೆಗೆ ಉಚಿತವಾಗಿ ಕಲಿಯಬಹುದು (ಪ್ರಕರಣ 4).

(ಉ) ಆಧಾರ್: ಸರ್ವೋಚ್ಚ ನ್ಯಾಯಾಲಯದ ದಿನಾಂಕ 26-9-2018ರ ತೀರ್ಪಿನಂತೆ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ.

ಉದಾಹರಣೆಗೆ, ಯಾದಗಿರಿ ಜಿಲ್ಲೆಯಲ್ಲಿ 4ನೇ ತರಗತಿ ಓದುತ್ತಿದ್ದ ಬಾಲಕಿಯೊಬ್ಬಳು ಡಿಸೆಂಬರ್ ತಿಂಗಳಲ್ಲಿ ಟಿ.ಸಿ. ಇಲ್ಲದೆ ಪೋಷಕರೊಂದಿಗೆ ಬೆಂಗಳೂರಿಗೆ ಬಂದಲ್ಲಿ, ಸಮೀಪದ ಸರ್ಕಾರಿ ಶಾಲೆಯು ಅವಳನ್ನು ಆಗಲೇ ದಾಖಲಿಸಿಕೊಳ್ಳಬೇಕು. ಟಿ.ಸಿ.ಯನ್ನು ನಂತರ ತರಿಸಿಕೊಳ್ಳಬಹುದು. ಮುಂದಿನ ಜೂನ್ ತಿಂಗಳವರೆಗೆ ಕಾಯುವ ಅವಶ್ಯಕತೆ ಇರುವುದಿಲ್ಲ.

2. ಊರು ಬಿಡುವ ಮುನ್ನ

ದಾಖಲೆಯಿಲ್ಲದೆಯೂ ಪ್ರವೇಶ ದೊರೆಯುವುದಾದರೂ, ಕೆಳಕಂಡವು ಜೊತೆಯಲ್ಲಿದ್ದರೆ ಕೆಲಸ ಸುಗಮವಾಗುತ್ತದೆ:
- ಟಿ.ಸಿ. ಹಾಗೂ ಮಗುವಿನ ಎಸ್‌ಎಟಿಎಸ್ ಸಂಖ್ಯೆ (ರಾಜ್ಯದ ಶಾಲೆಯಲ್ಲಿ ಓದುತ್ತಿದ್ದಲ್ಲಿ)
- ಜನನ ಪ್ರಮಾಣಪತ್ರದ ಪ್ರತಿ
- ತಾಯಿ ಕಾರ್ಡ್ ಮತ್ತು ಮಗುವಿನ ಲಸಿಕೆಯ ವಿವರ
- ಪಡಿತರ ಚೀಟಿಯ ಪ್ರತಿ

ನಗರದಲ್ಲಿ ಮಗು ಜನಿಸಿದಲ್ಲಿ, ಜನನವು ಆದ ಸ್ಥಳದಲ್ಲಿಯೇ 21 ದಿನಗಳೊಳಗಾಗಿ ನೋಂದಾಯಿಸಬೇಕು. ದಿನಾಂಕ 1-10-2023ರಂದು ಹಾಗೂ ನಂತರ ಜನಿಸಿದ ಮಕ್ಕಳಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವನ್ನೇ ಬಳಸಬೇಕಾಗಿರುವುದರಿಂದ ಇದನ್ನು ಕಡೆಗಣಿಸಬಾರದು.

3. ಊಟ, ಅಂಗನವಾಡಿ ಮತ್ತು ಲಸಿಕೆ

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ 1ರಿಂದ 10ನೇ ತರಗತಿಯವರೆಗೆ ಅಕ್ಷರ ದಾಸೋಹದ ಬಿಸಿಯೂಟವಿರುತ್ತದೆ. 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳು, ಗರ್ಭಿಣಿಯರು ಮತ್ತು ಬಾಣಂತಿಯರು ತಾವು ವಾಸವಿರುವ ಸ್ಥಳದ ಅಂಗನವಾಡಿಯಲ್ಲಿ ಪೂರಕ ಆಹಾರ ಪಡೆಯಬಹುದು. ತಾಯಂದಿರು ಕೆಲಸಕ್ಕೆ ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಹಿರಿಯ ಮಕ್ಕಳು ಶಾಲೆ ಬಿಡುವುದು ಹೆಚ್ಚಾಗಿ ಕಂಡುಬರುವುದರಿಂದ, 3 ವರ್ಷ ಮೀರಿದ ಕಿರಿಯರನ್ನು ಅಂಗನವಾಡಿಗೆ ಸೇರಿಸುವುದು ಸೂಕ್ತ. ಲಸಿಕೆಗಳನ್ನು ಯಾವುದೇ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕಲಾಗುತ್ತದೆ.

4. ಪಡಿತರ

'ಒಂದು ರಾಷ್ಟ್ರ ಒಂದು ಪಡಿತರ ಚೀಟಿ' ವ್ಯವಸ್ಥೆಗೆ ಕರ್ನಾಟಕವು 2020ರ ಜನವರಿಯಲ್ಲಿ ಸೇರಿತು. 2022ರ ಜೂನ್ ವೇಳೆಗೆ ಇದು ದೇಶದ ಎಲ್ಲಾ ರಾಜ್ಯಗಳಿಗೆ ವಿಸ್ತರಿಸಿತು. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಫಲಾನುಭವಿಗಳು ಹೊಸ ಚೀಟಿ ಮಾಡಿಸದೆ, ಇರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಆಧಾರ್ ಆಧಾರಿತ ದೃಢೀಕರಣದ ಮೂಲಕ ಧಾನ್ಯ ಪಡೆಯಬಹುದು. ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ನಿಗದಿಯಾಗಿದೆ. ಕುಟುಂಬದ ಕೆಲವರು ಊರಿನಲ್ಲಿಯೇ ಇದ್ದಲ್ಲಿ, ಒಂದು ಭಾಗವನ್ನು ನಗರದಲ್ಲಿ, ಉಳಿದದ್ದನ್ನು ಊರಿನಲ್ಲಿ ಪಡೆಯಲು ಅವಕಾಶವಿದೆ. ಹೊರರಾಜ್ಯದವರಿಗೆ ಕೇಂದ್ರದ ಪ್ರಮಾಣವಷ್ಟೇ ದೊರೆಯುತ್ತದೆ.

5. ಕಾರ್ಮಿಕರ ನೋಂದಣಿ

ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ನೋಂದಾಯಿತರ ಮಕ್ಕಳ ವಿದ್ಯಾಭ್ಯಾಸಕ್ಕೂ ಮಂಡಳಿಯ ಸಹಾಯಧನವಿದೆ. ಇತರೆ ಅಸಂಘಟಿತ ಕಾರ್ಮಿಕರು 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ಹೆಸರು ದಾಖಲಿಸಬಹುದು. 14 ವರ್ಷದೊಳಗಿನ ಮಕ್ಕಳನ್ನು ನಿರ್ಮಾಣ ಕೆಲಸಕ್ಕೆ ನೇಮಿಸುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

6. ಪ್ರವೇಶ ನಿರಾಕರಿಸಿದಲ್ಲಿ

ಮೊದಲು ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ನೀಡಿ ಸ್ವೀಕೃತಿ ಪಡೆಯುವುದು. ಪರಿಹಾರ ದೊರೆಯದಿದ್ದಲ್ಲಿ ಆ ಭಾಗದ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಸಂಪರ್ಕಿಸುವುದು. ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಿದ ಲಿಖಿತ ದೂರು 3 ತಿಂಗಳೊಳಗೆ ತೀರ್ಮಾನವಾಗಬೇಕು. ತೀರ್ಮಾನದಿಂದ ಬಾಧಿತರಾದವರು ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು (ಪ್ರಕರಣ 32). ಓದು ಬರಹ ಬಾರದ ಪೋಷಕರ ಪರವಾಗಿ ನೆರೆಹೊರೆಯವರು ಮನವಿಯನ್ನು ಬರೆದುಕೊಡಬಹುದು.

ಶಾಲೆಯಿಂದ ಹೊರಗುಳಿದ ಅಥವಾ ದುಡಿಮೆಯಲ್ಲಿ ತೊಡಗಿರುವ ಮಗುವಿನ ಬಗ್ಗೆ ಮಕ್ಕಳ ಸಹಾಯವಾಣಿ 1098ಕ್ಕೆ, ಪಡಿತರ ಕುರಿತ ದೂರುಗಳನ್ನು 1967ಕ್ಕೆ ಸಾರ್ವಜನಿಕರು ತಿಳಿಸಬಹುದು.