ಇನ್ಫೋಸಿಸ್ ಷೇರು: ಕುಸಿತಗಳು ಮತ್ತು ಸ್ಥಾಪಕರ ಮಾರಾಟ

ಇನ್ಫೋಸಿಸ್ ಷೇರು ಸಾರ್ವಜನಿಕರ ಕೈಗೆ ಬಂದದ್ದು 1993ರ ಫೆಬ್ರುವರಿಯಲ್ಲಿ. 10 ರೂಪಾಯಿ ಮುಖಬೆಲೆಯ ಷೇರಿಗೆ ಕಂಪನಿ 95 ರೂಪಾಯಿ ಕೇಳಿತ್ತು; ನೂರು ಷೇರಿಗೆ 9,500. ಸಾಫ್ಟ್‌ವೇರ್ ಉದ್ಯಮವನ್ನು ಹೂಡಿಕೆದಾರರು ಆಗಿನ್ನೂ ನಂಬಿರಲಿಲ್ಲ, ಅರ್ಜಿಗಳು ಸಾಲದೇ ಹೋದವು. 13% ಪಾಲನ್ನು ಮಾರ್ಗನ್ ಸ್ಟ್ಯಾನ್ಲಿ ಕೊಂಡಿತು. ಜೂನ್‌ನಲ್ಲಿ ಪೇಟೆಗೆ ಬಂದ ಷೇರು 145 ರೂಪಾಯಿಗೆ ವಹಿವಾಟು ಆರಂಭಿಸಿತು.

ಈ ಷೇರು ಹಲವು ಬಾರಿ ಜೋರಾಗಿ ಬಿದ್ದಿದೆ. 2003ರ ಏಪ್ರಿಲ್‌ನಲ್ಲಿ ಒಂದೇ ದಿನ ಸುಮಾರು ಕಾಲು ಭಾಗ ಮೌಲ್ಯ ಹೋಯಿತು. 2013ರ ಏಪ್ರಿಲ್ 12ರಂದು 21% ಕುಸಿಯಿತು. ಆ ದಿನ ಕಂಪನಿ ಮುಂದಿನ ವರ್ಷಕ್ಕೆ 6ರಿಂದ 10% ಬೆಳವಣಿಗೆಯ ಅಂದಾಜು ಕೊಟ್ಟಿತ್ತು. ಇಡೀ ಉದ್ಯಮಕ್ಕೆ ಸಾಫ್ಟ್‌ವೇರ್ ಕಂಪನಿಗಳ ಸಂಘಟನೆ ನಾಸ್ಕಾಂ ಅಂದಾಜಿಸಿದ್ದು 12ರಿಂದ 14%. ಎರಡೂ ಸಲ ಬೆಲೆ ಬೀಳಿಸಿದ್ದು ಕಂಪನಿಯೇ ಹೇಳಿದ ದುರ್ಬಲ ಮುನ್ನೋಟ, ಸ್ಥಾಪಕರು, ನಿರ್ದೇಶಕರಂಥ ಒಳಗಿನವರ ಮಾರಾಟವಲ್ಲ.

ಒಳಗಿನವರ ಮಾರಾಟ ದೊಡ್ಡ ಸುದ್ದಿಯಾದದ್ದು 2014ರ ಡಿಸೆಂಬರ್ 8ರಂದು. ಸ್ಥಾಪಕರಾದ ಎನ್.ಆರ್. ನಾರಾಯಣಮೂರ್ತಿ, ನಂದನ್ ನಿಲೇಕಣಿ, ಕೆ. ದಿನೇಶ್, ಶಿಬುಲಾಲ್ ಕುಟುಂಬಗಳು ಸುಮಾರು 3.26 ಕೋಟಿ ಷೇರುಗಳನ್ನು 6,484 ಕೋಟಿ ರೂಪಾಯಿಗೆ ಮಾರಿದವು. ಷೇರು ಸುಮಾರು 5% ಇಳಿಯಿತು. ಅದೇ ತಿಂಗಳು ಒಂದು ಷೇರಿಗೆ ಒಂದು ಬೋನಸ್ ಷೇರು ಸಿಕ್ಕಿ, ನೂರು ಷೇರಿದ್ದವರ ಖಾತೆಯಲ್ಲಿ ಇನ್ನೂರಾಗಿ, ಬೆಲೆ ಅರ್ಧಕ್ಕೆ ಬಂದಿತ್ತು. ಅದು ನಷ್ಟವಲ್ಲವೆಂಬುದನ್ನೂ ಸಣ್ಣ ಹೂಡಿಕೆದಾರರು ಆಗ ತಿಳಿದುಕೊಳ್ಳಬೇಕಿತ್ತು. ಸ್ಥಾಪಕರು ಮಾರಿದ್ದು ಕಂಪನಿಯ ಒಟ್ಟು ಷೇರುಗಳಲ್ಲಿ 3%ಗೂ ಕಡಿಮೆ. ಆಡಳಿತ ಆಗಲೇ ಸಿಇಒ ವಿಶಾಲ್ ಸಿಕ್ಕಾ ಕೈಗೆ ಹೋಗಿತ್ತು. ಹಾಗಾಗಿ ಈ ಮಾರಾಟವನ್ನು ಕಂಪನಿಯ ಭವಿಷ್ಯದ ಕುರಿತ ತೀರ್ಪೆಂದು ಓದಿದ್ದು ಆತುರವೇ ಸರಿ. 2015ರ ಜನವರಿ 9ರಂದು ತ್ರೈಮಾಸಿಕ ಫಲಿತಾಂಶ ಬಂದಾಗ ಷೇರು ಏರಿ, ಸ್ಥಾಪಕರು ಮಾರಿದ ಬೆಲೆಯನ್ನು ದಾಟಿತು. ಗಾಬರಿಯಲ್ಲಿ ಮಾರಿದವರಿಗೆ ಆ ಏರಿಕೆ ದಕ್ಕಲಿಲ್ಲ.

ಒಳಗಿನವರ ವಹಿವಾಟಿಗೆ ಷೇರುಪೇಟೆ ನಿಯಂತ್ರಕ ಸೆಬಿ 1992ರಲ್ಲೇ ನಿಯಮ ಮಾಡಿತ್ತು. ಹೊಸ ನಿಯಮಗಳು 2015ರ ಮೇ 15ರಂದು ಜಾರಿಗೆ ಬಂದವು. ಈಗ ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ನಿರ್ದೇಶಕರು, ಹಿರಿಯ ಅಧಿಕಾರಿಗಳು ತಮ್ಮ ಕಂಪನಿಯ ಷೇರು ಮಾರುವಂತಿಲ್ಲ, ಕೊಳ್ಳುವಂತೆಯೂ ಇಲ್ಲ. ಒಂದು ತ್ರೈಮಾಸಿಕದಲ್ಲಿ ಅವರ ವಹಿವಾಟು 10 ಲಕ್ಷ ರೂಪಾಯಿ ಮೀರಿದರೆ ಎರಡು ವಹಿವಾಟು ದಿನಗಳೊಳಗೆ ಕಂಪನಿಗೆ ತಿಳಿಸಬೇಕು, ಕಂಪನಿ ಅದನ್ನು ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು.