ಹೀಯಮಾನ: ಅರ್ಥ ಮತ್ತು ಬಳಕೆ

‘ಹೀಯಮಾನ’ ಎಂದರೆ ಕ್ರಮಕ್ರಮವಾಗಿ ಕಡಿಮೆಯಾಗುತ್ತಾ ಹೋಗುವುದು. ಹಾನಿ, ಹೀನ ಎಂಬ ಪದಗಳೂ ಇದೇ ಧಾತುವಿನಿಂದ ಬಂದವು. ಇದರ ವಿರುದ್ಧ ಪದ ‘ವರ್ಧಮಾನ’. ಅದೇ ಮಹಾವೀರ ಸ್ವಾಮಿಯ ಹೆಸರು.

ಈ ಪದದ ಮುಖ್ಯ ಬಳಕೆ ಅವಧಿಜ್ಞಾನದ ವಿಷಯದಲ್ಲಿ. ಮನುಷ್ಯರಿಗೂ ತಿರ್ಯಂಚರಿಗೂ ಕ್ಷಯೋಪಶಮದಿಂದ ಉಂಟಾಗುವ ಅವಧಿಜ್ಞಾನ 6 ವಿಧ ಎಂದು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯ ತಿಳಿಸುತ್ತದೆ. ಅವು ಅನುಗಾಮಿ, ಅನನುಗಾಮಿ, ವರ್ಧಮಾನ, ಹೀಯಮಾನ, ಅವಸ್ಥಿತ, ಅನವಸ್ಥಿತ. ಸಮ್ಯಗ್ದರ್ಶನಾದಿ ಗುಣಗಳು ಕುಗ್ಗಿ ಸಂಕ್ಲೇಶ ಪರಿಣಾಮ ಹೆಚ್ಚಿದಾಗ, ದೊರೆತ ಜ್ಞಾನವೂ ಸೌದೆ ಹಾಕದ ಒಲೆಯ ಉರಿಯಂತೆ ಇಳಿಯುತ್ತದೆ, ಇದು ಹೀಯಮಾನ.

ಇದನ್ನು ‘ಅವಸರ್ಪಿಣಿ’ಯೊಂದಿಗೆ ಬೆರೆಸಬಾರದು. ಅವಸರ್ಪಿಣಿಯಲ್ಲಿ ಆಯುಷ್ಯ, ಶರೀರದ ಎತ್ತರ, ಬಲ ಕುಗ್ಗುವುದು ಕಾಲದ ಪರಿಣಾಮ. ಅದರ 6 ಕಾಲಗಳಲ್ಲಿ ಈಗ ನಡೆಯುತ್ತಿರುವುದು 21,000 ವರ್ಷಗಳ ಪಂಚಮಕಾಲ. ಆದರೆ ಹೀಯಮಾನಕ್ಕೆ ಕಾರಣ ಜೀವದ ಸ್ವಂತ ಪರಿಣಾಮ.

ಬಸದಿಗೆ ಹೋಗುವುದು, ಸ್ವಾಧ್ಯಾಯ ಮಾಡುವುದು ಕಡಿಮೆಯಾದಾಗ “ಪಂಚಮಕಾಲ, ಏನು ಮಾಡುವುದು?” ಎನ್ನುತ್ತೇವೆ. ನಾನೂ ಅಂದವನೇ. ಈ ಪದದ ಅರ್ಥ ತಿಳಿದ ಮೇಲೆ ಆ ನೆಪ ಹೇಳಲು ಬಾಯಿ ಬರುವುದಿಲ್ಲ. ಕಡಿಮೆಯಾಗಬೇಕಾದದ್ದು ಕ್ರೋಧ, ಮಾನ, ಮಾಯೆ, ಲೋಭ. ಇವು ಹೀಯಮಾನವಾದರೆ ಅದೇ ಲಾಭ.