ಕೆಟ್ಟು ನಿಂತ ಹಾಯಿದೋಣಿಯೂ ದಾರಿಯಲ್ಲಿ ಬಂದ ಹಡಗೂ

2025ರ ಮೇ 12ರಂದು ಸಿಮೆಂಟ್ ಹಾಗೂ ಕಟ್ಟಡ ಸಾಮಗ್ರಿ ಹೇರಿಕೊಂಡು ‘ಸಲಾಮತ್’ ಎಂಬ ಮಂಜಿ ಮಂಗಳೂರಿನಿಂದ ಲಕ್ಷದ್ವೀಪದ ಕಡಮತ್ ದ್ವೀಪಕ್ಕೆ ಹೊರಟಿತು. 14ರ ಬೆಳಗಿನ ಜಾವ ಸುಮಾರು 5.30ಕ್ಕೆ ಒಳಗೆ ನೀರು ನುಗ್ಗಿ ಅದು ಮುಳುಗಿತು. ಅದರಲ್ಲಿದ್ದ ಆರು ಮಂದಿ ಸಣ್ಣ ಡಿಂಗಿಗೆ ಇಳಿದು ಸಮುದ್ರದಲ್ಲಿ ತೇಲತೊಡಗಿದರು. ಮಧ್ಯಾಹ್ನ 12.15ರ ಹೊತ್ತಿಗೆ ಆ ದಾರಿಯಾಗಿ ಹೋಗುತ್ತಿದ್ದ ‘ಎಪಿಕ್ ಸುಸುಯಿ’ ಎಂಬ ಟ್ಯಾಂಕರ್ ಹಡಗಿನವರ ಕಣ್ಣಿಗೆ ಡಿಂಗಿ ಬಿತ್ತು. ಸುರತ್ಕಲ್‌ನಿಂದ ಸುಮಾರು 52 ನಾಟಿಕಲ್ ಮೈಲು, ಅಂದರೆ 96 ಕಿಲೋಮೀಟರ್ ದೂರದಲ್ಲಿ ಆರು ಮಂದಿ ಇದ್ದಾರೆಂದು ಅವರು ಕೋಸ್ಟ್ ಗಾರ್ಡ್‌ಗೆ ತಿಳಿಸಿದರು. ಕೋಸ್ಟ್ ಗಾರ್ಡ್‌ನ ‘ವಿಕ್ರಮ್’ ನೌಕೆ ಹೋಗಿ ಆರೂ ಮಂದಿಯನ್ನು ಹತ್ತಿಸಿಕೊಂಡು ಮರುದಿನ ಪಣಂಬೂರಿನ ನವಮಂಗಳೂರು ಬಂದರಿಗೆ ತಂದಿಳಿಸಿತು.

ಮಂಜಿಗಳು ಇಂದು ಎಂಜಿನ್‌ನಿಂದಲೇ ಓಡುತ್ತವೆ. ಆದರೂ ಸರಕಾರದ ದಾಖಲೆಯಲ್ಲಿ ಅವುಗಳ ವರ್ಗ ‘ಯಾಂತ್ರೀಕೃತ ಹಾಯಿನೌಕೆ’ ಎಂದೇ ಇದೆ. ಹಾಯಿನೌಕೆಯವರು ಅಪಾಯದಲ್ಲಿದ್ದಾಗ ತನ್ನ ಪಾಡಿಗೆ ಹೋಗುತ್ತಿದ್ದ ದೊಡ್ಡ ಹಡಗೊಂದು ಅವರ ಪಾಲಿಗೆ ಒದಗಿಬರುವುದು ಲೋಕದ ಎಲ್ಲ ಸಮುದ್ರಗಳಲ್ಲೂ ನಡೆಯುವ ಸಂಗತಿ. ಹಾಗೆ ಬಂದದ್ದು ಸಾವಿರಾರು ಪ್ರವಾಸಿಗರಿರುವ ಹಡಗಾಗಿದ್ದರೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗುತ್ತದೆ. ನಮ್ಮ ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು ಇಂತಹ ಪ್ರವಾಸಿ ಹಡಗುಗಳಲ್ಲಿ ದುಡಿಯುತ್ತಾರೆ. ಇನ್ನು ಅನೇಕ ಕುಟುಂಬಗಳವರು ಮೀನುಗಾರಿಕಾ ದೋಣಿಗಳಲ್ಲಿ ಕಡಲಿಗೆ ಇಳಿಯುತ್ತಾರೆ. ಆದುದರಿಂದ ಈ ರಕ್ಷಣೆ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿದಿರುವುದು ಎರಡೂ ಕಡೆಯವರಿಗೆ ಅಗತ್ಯ.

ಕ್ಯಾಪ್ಟನ್‌ನ ಹೊಣೆ

ಸಹಾಯ ಮಾಡುವುದು ಬಿಡುವುದು ಹಡಗಿನವರ ಇಷ್ಟಕ್ಕೆ ಸೇರಿದ್ದು ಎಂದು ಹಲವರ ಭಾವನೆ. ಅದು ಸರಿಯಲ್ಲ. ಸಮುದ್ರದಲ್ಲಿ ಜೀವರಕ್ಷಣೆಗಾಗಿ ಇರುವ 1974ರ ಅಂತರರಾಷ್ಟ್ರೀಯ ಒಪ್ಪಂದದ ಐದನೆಯ ಅಧ್ಯಾಯ, 33ನೆಯ ನಿಯಮದ ಪ್ರಕಾರ, ಜನರು ಅಪಾಯದಲ್ಲಿದ್ದಾರೆಂಬ ಸುದ್ದಿ ಯಾವ ಮೂಲದಿಂದ ಬಂದರೂ ಸಹಾಯ ಮಾಡಬಲ್ಲ ಸ್ಥಿತಿಯಲ್ಲಿರುವ ಹಡಗಿನ ಕ್ಯಾಪ್ಟನ್ ಪೂರ್ಣ ವೇಗದಲ್ಲಿ ಅಲ್ಲಿಗೆ ಹೋಗಲೇಬೇಕು. ಹೋಗಲು ಸಾಧ್ಯವಿಲ್ಲದಿದ್ದರೆ ಏಕೆ ಹೋಗಲಿಲ್ಲ ಎಂಬ ಕಾರಣವನ್ನು ಹಡಗಿನ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಅಪಾಯದಲ್ಲಿರುವವರು ಯಾವ ದೇಶದವರು, ಕಾಗದಪತ್ರ ಇದೆಯೋ ಇಲ್ಲವೋ ಎಂದು ನೋಡುವಂತಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 98ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಭಾರತ 1995ರಲ್ಲಿ ಅದನ್ನು ಅನುಮೋದಿಸಿತು. ಜೀವರಕ್ಷಣೆಯ ವಿಷಯದಲ್ಲಿ ಕ್ಯಾಪ್ಟನ್ ತನ್ನ ವಿವೇಚನೆಯಿಂದ ತೆಗೆದುಕೊಂಡ ತೀರ್ಮಾನವನ್ನು ಹಡಗಿನ ಮಾಲೀಕನೂ ತಡೆಯುವಂತಿಲ್ಲ.

ಈ ಒಪ್ಪಂದಕ್ಕೆ ಕಾರಣವಾದದ್ದು 1912ರ ಟೈಟಾನಿಕ್ ದುರಂತ. ಅಂದು ಏಳುನೂರಕ್ಕೂ ಮಿಕ್ಕಿ ಜನರನ್ನು ಎತ್ತಿಕೊಂಡದ್ದು ‘ಕಾರ್ಪೇಥಿಯಾ’ ಎಂಬ ಪ್ರಯಾಣಿಕರ ಹಡಗು. ಅದರ ವಯರ್‌ಲೆಸ್ ನೌಕರ ಮಲಗಲು ಅಣಿಯಾಗುತ್ತಿದ್ದಾಗ ಟೈಟಾನಿಕ್‌ನ ಕರೆ ಕಿವಿಗೆ ಬಿತ್ತು. ಅದಕ್ಕಿಂತ ಹತ್ತಿರದಲ್ಲಿದ್ದ ‘ಕ್ಯಾಲಿಫೋರ್ನಿಯನ್’ ಹಡಗಿನ ವಯರ್‌ಲೆಸ್ ನೌಕರ ಅಷ್ಟರಲ್ಲಿ ಮಲಗಿಬಿಟ್ಟಿದ್ದ. 1914ರಲ್ಲಿ ಮೊದಲ ಒಪ್ಪಂದ ಸಿದ್ಧವಾದಾಗ ಹಗಲಿರುಳು ವಯರ್‌ಲೆಸ್ ಆಲಿಸುವ ವಿಷಯ ಅದರಲ್ಲಿ ಮುಖ್ಯವಾಗಿತ್ತು.

ಕೆಲವರು ಖರ್ಚಿನ ಬಗ್ಗೆ ಕೇಳುತ್ತಾರೆ. ರಕ್ಷಿಸಲ್ಪಟ್ಟವರಿಂದ ಹಣ ವಸೂಲಿ ಮಾಡುವ ಪದ್ಧತಿ ಇಲ್ಲ. ದೋಣಿ, ಸರಕು ಉಳಿಸಿದರೆ ಪ್ರತಿಫಲ ಕೇಳಬಹುದು. ಬರಿಯ ಜೀವ ಉಳಿಸಿದ್ದಕ್ಕೆ ಉಳಿದವರು ಏನೂ ಕೊಡಬೇಕಾಗಿಲ್ಲ. ಹೆದರಿ ಕರೆ ಮಾಡದೆ ಕೂರುವ ಅಗತ್ಯ ಯಾರಿಗೂ ಇಲ್ಲ.

ದಾರಿ ಬದಲಿಸಿದ ಹಡಗುಗಳು

2013ರ ಜನವರಿಯಲ್ಲಿ ಒಬ್ಬಂಟಿಯಾಗಿ ಹಾಯಿದೋಣಿಯಲ್ಲಿ ಹೊರಟಿದ್ದ ಫ್ರೆಂಚ್ ನಾವಿಕನೊಬ್ಬನ ದೋಣಿ ಆಸ್ಟ್ರೇಲಿಯಾದ ಟಾಸ್ಮೇನಿಯಾದ ದಕ್ಷಿಣಕ್ಕೆ, ದಡದಿಂದ ನೂರಾರು ಮೈಲು ದೂರದಲ್ಲಿ ಕೂವೆಮರ ಮುರಿದು ಕೆಟ್ಟಿತು. ಆತ ಗಾಳಿತುಂಬಿದ ಲೈಫ್ ರಾಫ್ಟ್‌ಗೆ ಇಳಿದ. ಆಸ್ಟ್ರೇಲಿಯಾದ ವಿಮಾನಗಳು ಮೇಲಿನಿಂದ ಆಹಾರ, ನೀರು, ಚಳಿ ತಡೆಯುವ ಉಡುಪು ಹಾಕಿದವು. ಆದರೆ ವಿಮಾನದಿಂದ ಮನುಷ್ಯನನ್ನು ಎತ್ತಲಾಗುವುದಿಲ್ಲ. ಹೆಲಿಕಾಪ್ಟರ್ ಅಷ್ಟು ದೂರ ಬರುವುದಿಲ್ಲ. ಅಂಟಾರ್ಕ್ಟಿಕಾ ಪ್ರವಾಸದಲ್ಲಿದ್ದ ‘ಓರಿಯನ್’ ಎಂಬ ಸಣ್ಣ ಪ್ರವಾಸಿ ಹಡಗು ದಾರಿ ಬದಲಿಸಿ, ಸುಮಾರು ಎರಡು ದಿನ ಸಾಗಿ ಬಂದು, ಜನವರಿ 20ರಂದು ಆತನನ್ನು ಹತ್ತಿಸಿಕೊಂಡಿತು. ಹಡಗಿನಲ್ಲಿದ್ದ ನೂರರಷ್ಟು ಪ್ರವಾಸಿಗರ ಕಾರ್ಯಕ್ರಮ ಅಲ್ಲಿಗೆ ಮೊಟಕಾಯಿತು.

2017ರ ಜೂನ್‌ನಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಿಂದ ಅಮೆರಿಕದತ್ತ ಹೊರಟಿದ್ದ ಹಾಯಿದೋಣಿ ಸ್ಪರ್ಧೆಯ ಮೇಲೆ ಅಟ್ಲಾಂಟಿಕ್ ನಡುವೆ ಬಿರುಗಾಳಿ ಬೀಸಿತು. ಹಲವು ದೋಣಿಗಳು ಕೆಟ್ಟವು. ಅವುಗಳಲ್ಲಿ ಒಂದರಲ್ಲಿದ್ದ 73 ವರ್ಷದ ನಿವೃತ್ತ ಬ್ರಿಟಿಷ್ ಯೋಧರನ್ನು ‘ಕ್ವೀನ್ ಮೇರಿ 2’ ಎತ್ತಿಕೊಂಡು ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಕರೆದೊಯ್ದಿತು. ಈ ಹಡಗು ಕಾರ್ಪೇಥಿಯಾವನ್ನು ಓಡಿಸುತ್ತಿದ್ದ ಕ್ಯುನಾರ್ಡ್ ಸಂಸ್ಥೆಯದ್ದೇ.

ನಮ್ಮವರಿಗೆ ಹೆಚ್ಚು ನೆನಪಿರುವುದು ನೌಕಾಪಡೆಯ ಕಮಾಂಡರ್ ಅಭಿಲಾಷ್ ಟೋಮಿ ಅವರ ಪ್ರಕರಣ. ಗೋವಾದಲ್ಲಿ ಕಟ್ಟಿದ ‘ತುರಿಯಾ’ ಎಂಬ ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೋಗಿದ್ದ ಅವರು 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲು ದೂರದಲ್ಲಿ, ಚಂಡಮಾರುತಕ್ಕೆ ಸಿಲುಕಿದರು. ಕೂವೆಮರ ಮುರಿಯಿತು, ಬೆನ್ನೆಲುಬಿಗೆ ತೀವ್ರ ಪೆಟ್ಟಾಗಿ ಏಳಲಾಗಲಿಲ್ಲ. ಮಾರಿಷಸ್‌ನಿಂದ ಹಾರಿದ ನಮ್ಮ ನೌಕಾಪಡೆಯ ವಿಮಾನ ದೋಣಿಯನ್ನು ಪತ್ತೆಹಚ್ಚಿತು. ಆದರೆ 24ರಂದು ಅವರನ್ನು ಎತ್ತಿಕೊಂಡದ್ದು ‘ಒಸಿರಿಸ್’ ಎಂಬ ಫ್ರೆಂಚ್ ಮೀನುಗಾರಿಕಾ ಗಸ್ತು ಹಡಗು. ಆ ಸಮುದ್ರಭಾಗದಲ್ಲಿ ಮೊದಲು ತಲುಪಬಹುದಾಗಿದ್ದ ಹಡಗು ಅದೇ. ಅವರು ಚೇತರಿಸಿಕೊಂಡು 2023ರಲ್ಲಿ ಅದೇ ಸ್ಪರ್ಧೆಯನ್ನು ಎರಡನೆಯವರಾಗಿ ಮುಗಿಸಿದರು.

ದಡಕ್ಕೆ ಹತ್ತಿರವಾದರೆ ಕಥೆ ಬೇರೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’ ಹಡಗು ಕೆಟ್ಟಾಗ 15 ಮಂದಿ ಸಿರಿಯಾ ನಾವಿಕರನ್ನು ಕೋಸ್ಟ್ ಗಾರ್ಡ್ ನೌಕೆಗಳೇ ತಂದವು. ನಡುಗಡಲಿನಲ್ಲಿ ದಾರಿಯ ಹಡಗೇ ಗತಿ.

ದೊಡ್ಡ ಹಡಗು ಸಣ್ಣ ದೋಣಿಯ ಬಳಿ ಬರುವುದು

ಇದು ನೋಡಿದಷ್ಟು ಸುಲಭವಲ್ಲ. ಪ್ರವಾಸಿ ಹಡಗು ಹತ್ತು ಹನ್ನೆರಡು ಮಾಳಿಗೆಯ ಕಟ್ಟಡದಷ್ಟು ಎತ್ತರ. ಅದು ನಿಲ್ಲಬೇಕಾದರೆ ಬಹಳ ದೂರ ಬೇಕು. ಕ್ಯಾಪ್ಟನ್ ಮೊದಲು ಗಾಳಿ ಬರುವ ದಿಕ್ಕಿಗೆ ಹಡಗನ್ನು ಅಡ್ಡ ನಿಲ್ಲಿಸುತ್ತಾನೆ. ಆಗ ಹಡಗಿನ ಇನ್ನೊಂದು ಮಗ್ಗುಲಲ್ಲಿ ಗಾಳಿಮರೆಯಾಗಿ ನೀರು ಸ್ವಲ್ಪ ಶಾಂತವಾಗುತ್ತದೆ. ಆ ಮರೆಯಲ್ಲಿ ವೇಗದ ರಕ್ಷಣಾ ದೋಣಿಯನ್ನು ಇಳಿಸುತ್ತಾರೆ. ಅದಕ್ಕೂ ಆಗದಷ್ಟು ಅಲೆ ಇದ್ದರೆ ನೀರಿನ ಮಟ್ಟಕ್ಕೆ ಹತ್ತಿರವಿರುವ ಪೈಲಟ್ ಬಾಗಿಲು ತೆರೆದು ಹಗ್ಗದ ಏಣಿ ಅಥವಾ ಬಲೆ ಬಿಡುತ್ತಾರೆ.

ಅತಿ ಅಪಾಯದ ಕ್ಷಣ ಇದೇ. ಹಾಯಿದೋಣಿ ಅಲೆಗೆ ಏರಿ ಇಳಿಯುವಾಗ ಅದರ ಕೂವೆಮರ ಹಡಗಿನ ಗೋಡೆಗೆ ಬಡಿಯುತ್ತದೆ. ದೋಣಿಗೂ ಹಡಗಿಗೂ ನಡುವೆ ಸಿಕ್ಕ ಮನುಷ್ಯ ಉಳಿಯುವುದಿಲ್ಲ. ದಿನಗಟ್ಟಲೆ ನಿದ್ದೆಗೆಟ್ಟು ಬಳಲಿದವನಿಗೆ ಏಣಿ ಹತ್ತುವ ಶಕ್ತಿ ಇರುವುದಿಲ್ಲ. ಆದುದರಿಂದ ಅನುಭವಸ್ಥ ಕ್ಯಾಪ್ಟನ್ ಬೆಳಕಾಗುವವರೆಗೆ ಸುಮ್ಮನೆ ಬಳಿಯಲ್ಲೇ ಕಾದು ನಿಲ್ಲುವುದುಂಟು. ಹಡಗು ಬಂದರೂ ಎತ್ತಿಕೊಳ್ಳುತ್ತಿಲ್ಲವಲ್ಲ ಎಂದು ಗಾಬರಿಪಡಬಾರದು. ತಣ್ಣೀರಿನಲ್ಲಿ ಬಹಳ ಹೊತ್ತು ಇದ್ದವನನ್ನು ಸಾಧ್ಯವಾದರೆ ಮಲಗಿಸಿದ ಹಾಗೆಯೇ ಮೇಲೆತ್ತಬೇಕು. ನೆಟ್ಟಗೆ ಎಳೆದರೆ ರಕ್ತದ ಒತ್ತಡ ಕುಸಿದು ಹಡಗಿನ ಮೇಲೆಯೇ ಪ್ರಾಣ ಹೋಗಬಹುದು. ಪ್ರವಾಸಿ ಹಡಗಿನಲ್ಲಿ ವೈದ್ಯರೂ ಸಣ್ಣ ಆಸ್ಪತ್ರೆಯೂ ಇರುವುದು ದೊಡ್ಡ ಅನುಕೂಲ.

ಜನರನ್ನು ಎತ್ತಿಕೊಂಡ ಮೇಲೆ ದೋಣಿಯನ್ನು ಬಹುತೇಕ ಅಲ್ಲೇ ಬಿಡಬೇಕಾಗುತ್ತದೆ. ಅನೇಕ ನಾವಿಕರಿಗೆ ಅದೇ ಮನೆ, ಅದೇ ಜೀವಮಾನದ ಉಳಿತಾಯ. ಬೇರೆ ಹಡಗುಗಳಿಗೆ ತಾಗದಿರಲಿ ಎಂದು ಕೆಲವೊಮ್ಮೆ ತಮ್ಮ ಕೈಯಾರೆ ಅದನ್ನು ಮುಳುಗಿಸಿ ಬರುತ್ತಾರೆ.

ಕಂಡೂ ನಿಲ್ಲದ ಹಡಗು

2012ರ ಮಾರ್ಚ್‌ನಲ್ಲಿ ‘ಸ್ಟಾರ್ ಪ್ರಿನ್ಸೆಸ್’ ಎಂಬ ಪ್ರವಾಸಿ ಹಡಗು ಪೆಸಿಫಿಕ್ ಸಾಗರದಲ್ಲಿ ಸಾಗುತ್ತಿತ್ತು. ಹಕ್ಕಿ ನೋಡಲು ದುರ್ಬೀನು ಹಿಡಿದು ನಿಂತಿದ್ದ ಪ್ರಯಾಣಿಕರಿಗೆ ದೂರದಲ್ಲಿ ಸಣ್ಣ ದೋಣಿಯೊಂದು ಕಂಡಿತು. ಅದರಲ್ಲೊಬ್ಬ ಬಟ್ಟೆ ಬೀಸುತ್ತಿದ್ದ. ಅವರು ಹಡಗಿನ ಸಿಬ್ಬಂದಿಗೆ ತಿಳಿಸಿದರು. ಹಡಗು ನಿಲ್ಲಲಿಲ್ಲ. ಅದೇ ದಿನಗಳಲ್ಲಿ ಪನಾಮಾದ ಮೂವರು ಯುವಕರಿದ್ದ ಮೀನುಗಾರಿಕಾ ದೋಣಿ ಎಂಜಿನ್ ಕೆಟ್ಟು ಆ ಸಮುದ್ರದಲ್ಲಿ ತೇಲುತ್ತಿತ್ತು. ಇಬ್ಬರು ನೀರಿಲ್ಲದೆ ಸತ್ತರು. 28 ದಿನಗಳ ಬಳಿಕ ಗಲಪಗೋಸ್ ದ್ವೀಪಗಳ ಹತ್ತಿರ ಮೂರನೆಯವನು ಒಬ್ಬನೇ ಜೀವಂತ ಸಿಕ್ಕಿದ. ಪ್ರಯಾಣಿಕರ ಮಾತು ಕ್ಯಾಪ್ಟನ್‌ಗೆ ಮುಟ್ಟಲೇ ಇಲ್ಲವೆಂದು ಕಂಪೆನಿ ಹೇಳಿತು. ಅವರು ಕಂಡದ್ದು ಅದೇ ದೋಣಿಯಲ್ಲವೆಂದೂ ಆಮೇಲೆ ವಾದಿಸಿತು. ವಿಷಯ ನ್ಯಾಯಾಲಯದವರೆಗೂ ಹೋಯಿತು.

ದೋಣಿ ಯಾವುದೇ ಆಗಿರಲಿ, ಮೇಲಿನ ಡೆಕ್ಕಿನಿಂದ ಬ್ರಿಡ್ಜ್‌ಗೆ ಒಂದು ಮಾತು ಮುಟ್ಟದೆ ಹೋದದ್ದು ಈ ಪ್ರಕರಣದ ತಿರುಳು. ಹಡಗಿನಲ್ಲಿ ಊಟ ಬಡಿಸುವ, ಕೋಣೆ ಗುಡಿಸುವ ನಮ್ಮ ಹುಡುಗರಿಗೂ ಇದು ಅನ್ವಯಿಸುತ್ತದೆ. ಪ್ರಯಾಣಿಕರು ಇಂತಹ ಮಾತು ಮೊದಲು ಹೇಳುವುದು ಎದುರಿಗೆ ಸಿಕ್ಕ ಸಿಬ್ಬಂದಿಗೆ. ಅದನ್ನು ಒಡನೆಯೇ ಬ್ರಿಡ್ಜ್‌ಗೆ ಫೋನ್ ಮಾಡಿ ತಿಳಿಸುವುದು, ಮುಟ್ಟಿತೇ ಎಂದು ಮತ್ತೊಮ್ಮೆ ಕೇಳುವುದು ಅಧಿಕಪ್ರಸಂಗವಲ್ಲ.

ಕಾಣಿಸಿಕೊಳ್ಳುವುದು

ನೀರಿನಿಂದ ಮೂವತ್ತು ಮೀಟರ್ ಎತ್ತರದ ಬ್ರಿಡ್ಜ್‌ನಲ್ಲಿ ನಿಂತವನಿಗೆ ದಿಗಂತ ಸುಮಾರು ಇಪ್ಪತ್ತು ಕಿಲೋಮೀಟರ್ ದೂರ. ಆದರೆ ಅಲೆಗಳ ನಡುವೆ ಅಡಗುವ ಡಿಂಗಿ ಅಷ್ಟು ದೂರಕ್ಕೆ ಕಾಣುವುದಿಲ್ಲ. ಮರ, ಫೈಬರ್ ದೋಣಿಗಳು ರಾಡಾರ್‌ನಲ್ಲೂ ಸರಿಯಾಗಿ ಮೂಡುವುದಿಲ್ಲ. ಸಲಾಮತ್‌ನವರು ಆರೂವರೆ ಗಂಟೆಗೂ ಮಿಕ್ಕಿ ತೇಲಿದ ಮೇಲೆ ಒಂದು ಹಡಗಿನ ಕಣ್ಣಿಗೆ ಬಿದ್ದರು. ಎಲ್ಲರಿಗೂ ಹಾಗಾಗುವುದಿಲ್ಲ. ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ 2018ರ ಡಿಸೆಂಬರ್ 15ರ ರಾತ್ರಿಯ ಬಳಿಕ ಸಂಪರ್ಕಕ್ಕೆ ಸಿಗಲಿಲ್ಲ. ಅದರಲ್ಲಿದ್ದ ಏಳು ಮಂದಿ ಮೀನುಗಾರರು ಹಿಂದೆ ಬರಲಿಲ್ಲ. ಮನೆಯವರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ದಾರಿ ಕಾದರು. 2019ರ ಮೇಯಲ್ಲಿ ನೌಕಾಪಡೆಯ ‘ನಿರೀಕ್ಷಕ್’ ನೌಕೆ ಮಹಾರಾಷ್ಟ್ರದ ಮಾಲ್ವಣ್ ಬಳಿಯ ಸಮುದ್ರತಳದಲ್ಲಿ ಬೋಟಿನ ಅವಶೇಷ ಪತ್ತೆಹಚ್ಚಿತು.

ದಡದಿಂದ ದೂರ ಹೋದರೆ ಮೊಬೈಲ್ ಕೆಲಸಕ್ಕೆ ಬಾರದು. ಉಪಯೋಗಕ್ಕೆ ಬರುವುದು ವಿ.ಎಚ್.ಎಫ್. ವಯರ್‌ಲೆಸ್‌ನ 16ನೆಯ ಚಾನೆಲ್. ಹತ್ತಿರದ ಎಲ್ಲ ಹಡಗುಗಳೂ ಅದನ್ನು ಆಲಿಸುತ್ತಿರುತ್ತವೆ. ‘ಮೇಡೇ’ ಎಂದು ಮೂರು ಸಲ ಹೇಳಿ, ದೋಣಿಯ ಹೆಸರು, ಇರುವ ಜಾಗ, ಎಷ್ಟು ಜನ, ಏನಾಗಿದೆ ಎಂಬುದನ್ನು ಹೇಳಬೇಕು. ವಯರ್‌ಲೆಸ್ ದೂರ ಮುಟ್ಟದಿದ್ದರೆ ಉಪಗ್ರಹವೇ ಆಧಾರ. ಹಡಗುಗಳಲ್ಲಿ 406 ಮೆಗಾಹರ್ಟ್ಸ್ ತರಂಗದಲ್ಲಿ ಕೂಗುವ ಬೀಕನ್ ಇರುತ್ತದೆ. ಹಡಗು ಮುಳುಗಿದರೆ ತಾನಾಗಿಯೇ ಬಿಡಿಸಿಕೊಂಡು ತೇಲಿ ಸಂಕೇತ ಕಳುಹಿಸುವಂತೆಯೂ ಅದನ್ನು ಜೋಡಿಸಬಹುದು. ಮೀನುಗಾರರಿಗಾಗಿ ಇಸ್ರೋ ರೂಪಿಸಿದ ‘ಡ್ಯಾಟ್’ ಎಂಬ ಸಣ್ಣ ಉಪಕರಣ 2010ರಿಂದ ಬಳಕೆಯಲ್ಲಿದೆ. ಗುಂಡಿ ಒತ್ತಿದರೆ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿರುವ ಇಸ್ರೋ ಕೇಂದ್ರಕ್ಕೆ ಬಂದು, ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ಹಳೆಯ ಉಪಕರಣದ ದೊಡ್ಡ ಕೊರತೆ ಎಂದರೆ ಕೂಗು ಮುಟ್ಟಿತೋ ಇಲ್ಲವೋ ಎಂದು ಒತ್ತಿದವನಿಗೆ ತಿಳಿಯುತ್ತಿರಲಿಲ್ಲ. 2024ರಲ್ಲಿ ಬಂದ ಎರಡನೆಯ ತಲೆಮಾರಿನ ಉಪಕರಣದಲ್ಲಿ ಸಹಾಯ ಬರುತ್ತಿದೆ ಎಂಬ ಉತ್ತರ ವಾಪಸು ಬರುತ್ತದೆ. ಕತ್ತಲಲ್ಲಿ ತೇಲುವವನಿಗೆ ಆ ಒಂದು ಉತ್ತರ ಸಣ್ಣ ವಿಷಯವಲ್ಲ.

ದಡಕ್ಕೆ ಇಳಿದ ಮೇಲೆ

ರಕ್ಷಿಸಲ್ಪಟ್ಟವರು ಸಾಮಾನ್ಯವಾಗಿ ಹಡಗು ಮುಂದೆ ಹೋಗುವ ಬಂದರಿನಲ್ಲಿ ಇಳಿಯುತ್ತಾರೆ. ಅದು ಅವರ ಊರಾಗಿರಬೇಕೆಂದಿಲ್ಲ. 2025ರ ಜೂನ್ 9ರಂದು ಕೇರಳ ಕರಾವಳಿಯಾಚೆ ‘ವಾನ್ ಹೈ 503’ ಕಂಟೇನರ್ ಹಡಗಿಗೆ ಬೆಂಕಿ ಬಿದ್ದಾಗ 22 ಮಂದಿಯಲ್ಲಿ 18 ಮಂದಿಯನ್ನು ನೌಕಾಪಡೆಯ ‘ಸೂರತ್’ ನೌಕೆ ಮಂಗಳೂರಿಗೆ ತಂದಿತು. ನಾಲ್ವರು ಕಾಣೆಯಾಗಿದ್ದರು. ಹೀಗೆ ಬಂದವರ ಬಳಿ ಪಾಸ್‌ಪೋರ್ಟ್, ಹಣ, ಫೋನ್, ಬದಲಿ ಬಟ್ಟೆ ಯಾವುದೂ ಇಲ್ಲದಿರಬಹುದು. ಅವರಿಗೆ ಮೊದಲು ಬೇಕಾಗುವುದು ಮನೆಗೆ ಒಂದು ಫೋನ್ ಕರೆ. ನಾವಿಕರ ಸೇವೆಗಾಗಿ 1920ರಲ್ಲಿ ಗ್ಲಾಸ್ಗೋದಲ್ಲಿ ಆರಂಭವಾದ, ಈಗ ಸ್ಟೆಲ್ಲಾ ಮಾರಿಸ್ ಎಂದು ಕರೆಯಲಾಗುವ ಕಥೋಲಿಕ ಸೇವಾಕಾರ್ಯ ಬಂದರುಗಳಲ್ಲಿ ಇದನ್ನೇ ಮಾಡುತ್ತ ಬಂದಿದೆ. ಕಾಣೆಯಾದವರ ಮನೆಗೆ ಭೇಟಿ ಕೊಡುವ ಸೇವಾಕರ್ತರು ಅಧಿಕೃತವಾಗಿ ತಿಳಿಯದ ಯಾವ ಸುದ್ದಿಯನ್ನೂ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಬಾಯಿಂದ ಬಾಯಿಗೆ ಹೇಳದಿರುವುದು ಉತ್ತಮ.

ದೋಣಿ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ದಡದಲ್ಲಿರುವವರು ನಾಳೆ ನೋಡೋಣ ಎಂದು ಕಾಯಬಾರದು. ಕೋಸ್ಟ್ ಗಾರ್ಡ್‌ನ ಉಚಿತ ಸಹಾಯವಾಣಿ 1554. ಕರೆ ಮಾಡುವಾಗ ದೋಣಿಯ ಹೆಸರು ಮತ್ತು ನೋಂದಣಿ ಸಂಖ್ಯೆ, ಬಣ್ಣ, ಹೊರಟ ಬಂದರು ಮತ್ತು ಹೊತ್ತು, ಒಳಗಿರುವವರ ಸಂಖ್ಯೆ, ಕೊನೆಯ ಸಲ ಮಾತನಾಡಿದ ಸಮಯ, ಡ್ಯಾಟ್ ಅಥವಾ ವಯರ್‌ಲೆಸ್ ಇದೆಯೇ ಎಂಬ ವಿವರಗಳು ಕೈಯಲ್ಲಿರಲಿ. ಇವನ್ನು ಒಂದು ಕಾಗದದಲ್ಲಿ ಬರೆದು ದೋಣಿ ಹೊರಡುವ ಮೊದಲೇ ಮನೆಯಲ್ಲಿಟ್ಟು ಹೋಗುವುದು ಲೇಸು.